ಮೇಜಿನ ಮೇಲೆ ಶ್ರೀರಂಗಪಟ್ಟಣದ ಮುತ್ತಿಗೆ: ಮೊದಲು ಹೊಳೆ, ಆಮೇಲೆ ಗೋಡೆ

ಶ್ರೀರಂಗಪಟ್ಟಣದ ಮುತ್ತಿಗೆಯನ್ನು ವಾರ್‌ಗೇಮ್ ಆಗಿ, ಅಂದರೆ ಪುಟ್ಟ ಬೊಂಬೆ ಸೈನಿಕರನ್ನಿಟ್ಟು ಮೇಜಿನ ಮೇಲೆ ಆಡುವ ಯುದ್ಧದಾಟವಾಗಿ ಕಟ್ಟಲು ಹೊರಟವರು ಸಾಮಾನ್ಯವಾಗಿ ಕೈಹಾಕುವುದು ಕೋಟೆ ಗೋಡೆಗೆ. ಒಂದೊಂದೇ ಕಲ್ಲು ಗೀರಿ, ತೆನೆ ಜೋಡಿಸಿ, ಬಣ್ಣ ಬಳಿದಾದ ಮೇಲೆ ಉಳಿದ ನಾಲ್ಕು ಬೆರಳು ಜಾಗದಲ್ಲಿ ನೀಲಿ ಪಟ್ಟಿ ಎಳೆದು ಅದನ್ನೇ ಕಾವೇರಿ ಎನ್ನುತ್ತಾರೆ. ನೋಡಲು ಚಂದ, ಆಡಲು ಬಾರದು. 1799ರ ಮೇ 4ರ ಲಗ್ಗೆಯಲ್ಲಿ ದಾಳಿಕೋರರನ್ನು ಕಾಡಿದ್ದು ಬೇಸಿಗೆಗೆ ಇಳಿದಿದ್ದರೂ ಬಂಡೆಗಳಿಂದ ತುಂಬಿದ್ದ ಹೊಳೆ ಮತ್ತು ಹೊರಗೋಡೆ ಹತ್ತಿದ ಮೇಲಷ್ಟೇ ಸರಿಯಾಗಿ ಕಂಡ ಎರಡನೇ ಕಂದಕ. ಹಾಗಾಗಿ ಇಲ್ಲಿನ ಕ್ರಮ ಹೀಗೆ: ಹೊಳೆ, ಕಂದಕ, ಗೋಡೆ, ಕಡೆಗೆ ಸೈನಿಕರು.

ಎಷ್ಟು ಭಾಗ, ಯಾವ ಅಳತೆ

ಇಡೀ ಕೋಟೆ ಕಟ್ಟುವ ಆಸೆ ಬಿಡಿ. ಬೇಕಿರುವುದು ವಾಯವ್ಯ ಮೂಲೆ ಮಾತ್ರ. ಇಂಗ್ಲಿಷ್ ಸೇನಾಪತಿ ಜನರಲ್ ಹ್ಯಾರಿಸ್‌ನ ಫಿರಂಗಿಗಳು ಗೋಡೆ ಒಡೆದದ್ದು ವಾಯವ್ಯ ಕೊತ್ತಲದ ಪಕ್ಕದ ಪಶ್ಚಿಮ ಗೋಡೆಯಲ್ಲಿ. ಡೇವಿಡ್ ಬೇರ್ಡ್ ಮುನ್ನಡೆಸಿದ ಪಡೆ ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಆಚೆ ದಡದಲ್ಲಿ ತಾನು ಅಗೆದಿದ್ದ ಕಂದಕದಿಂದೆದ್ದು, ಹೊಳೆ ದಾಟಿ, ಹತ್ತು ನಿಮಿಷದೊಳಗೆ ಆ ಒಡಕನ್ನು ಹತ್ತಿತ್ತು. ಜಾಮಿಯಾ ಮಸೀದಿಯ ಮಿನಾರುಗಳನ್ನು ಇಲ್ಲಿ ನಿಲ್ಲಿಸಬೇಡಿ, ಅವು ಕೋಟೆಯ ಪೂರ್ವ ತುದಿಯಲ್ಲಿವೆ. ಹಿನ್ನೆಲೆಗೆ ಏನಾದರೂ ಬೇಕೆನಿಸಿದರೆ ರಂಗನಾಥಸ್ವಾಮಿ ಗುಡಿಯ ಗೋಪುರ ಸರಿ. ದಪ್ಪ ರಟ್ಟಿನಲ್ಲಿ ಕತ್ತರಿಸಿ ಹಿಂದೆ ನಿಲ್ಲಿಸಿದರೆ ಸಾಕು.

ಸೈನಿಕರು 15 ಮಿ.ಮೀ. ಅಳತೆಯವರಿರಲಿ, ಅಂದರೆ ಸುಮಾರು 1:100. 28 ಮಿ.ಮೀ. ಬೊಂಬೆಗಳು ಅಂದವಾಗಿರುತ್ತವೆ, ಆದರೆ ಅವಕ್ಕೆ ತಕ್ಕ ಗೋಡೆ ಕಟ್ಟಿದರೆ ಹೊಳೆಗೆ ಮೇಜು ಸಾಲದು. ನೆಲದ ಅಳತೆ ಬೇರೆ: 1 ಸೆಂ.ಮೀ.ಗೆ 5 ಮೀಟರ್. ದಾಟಬೇಕಿದ್ದ ಹೊಳೆಯ ಅಗಲ ಸುಮಾರು 250 ಮೀಟರ್, ಮೇಜಿನ ಮೇಲೆ 50 ಸೆಂ.ಮೀ. ಎತ್ತರಕ್ಕೊಂದು, ನೆಲಕ್ಕೊಂದು ಅಳತೆ ಇಟ್ಟುಕೊಳ್ಳುವುದು ವಾರ್‌ಗೇಮ್‌ನಲ್ಲಿ ಎಲ್ಲರೂ ಒಪ್ಪಿರುವ ಸುಳ್ಳು.

ಹಲಗೆ 120 × 90 ಸೆಂ.ಮೀ. ದಾಳಿಕೋರರ ಕಡೆಯಿಂದ ಒಳಕ್ಕೆ ಹೀಗೆ ಗೆರೆ ಹಾಕಿಕೊಳ್ಳಿ: ಅಗೆದ ಕಂದಕ ಮತ್ತು ದಡ 20, ಹೊಳೆ 50, ಹೊರಕಂದಕ 12, ಹೊರಗೋಡೆ 8, ಒಳಕಂದಕ 10, ಒಳಗೋಡೆ 6, ಕೋಟೆಯ ಒಳಗು 14. ದಾಳಿಕೋರರು ಪಶ್ಚಿಮದಿಂದ ಬರುವುದರಿಂದ ಉತ್ತರ ಅವರ ಎಡಕ್ಕೆ. ಕೊತ್ತಲ ಎಡಮೂಲೆಯಲ್ಲಿ ಬರಬೇಕು. ಅಲ್ಲಿಂದ ಗೋಡೆಯೂ ಒಳಕಂದಕವೂ ಹಿಂದಕ್ಕೆ ತಿರುಗಿ ಉತ್ತರದ ಸಾಲಾಗುತ್ತವೆ. ಈ ತಿರುವು ಬಿಟ್ಟರೆ ಅರ್ಧ ಆಟವೇ ಹೋಯಿತು. ಒಡಕು ಹತ್ತಿದ ಮೇಲೆ ಎಡದಂಡು ಹೋದದ್ದು ಆ ಕಡೆಗೇ, ಟಿಪ್ಪು ಸುಲ್ತಾನ್ ಹೋರಾಡಿ ಮಡಿದದ್ದೂ ಆ ಕಡೆಯೇ.

ನೆಲ ಮತ್ತು ಹೊಳೆ

ಬೇಕಾದ ಸಾಮಾನು: 60 × 90 ಸೆಂ.ಮೀ.ನ ಎರಡು 9 ಮಿ.ಮೀ. ಪ್ಲೈವುಡ್ ತುಂಡು, ಒಂದು ಮೀಟರ್‌ಗೆ ಅರ್ಧ ಮೀಟರ್ ಅಳತೆಯ ಅರ್ಧ ಇಂಚಿನ ಥರ್ಮಾಕೋಲ್ ಹಾಳೆ ಎಂಟು, ಗೋಡೆಗೆ 25 ಮಿ.ಮೀ. ಎಕ್ಸ್‌ಪಿಎಸ್ (ಥರ್ಮಾಕೋಲ್‌ಗಿಂತ ಗಟ್ಟಿಯಾದ ಫೋಮ್) ಹಾಳೆ ಒಂದು, ಫೆವಿಕಾಲ್ 1 ಕೆ.ಜಿ., ವಾಲ್ ಪುಟ್ಟಿ 3 ಕೆ.ಜಿ., ಜರಡಿ ಹಿಡಿದ ಮರಳು, ಸಣ್ಣ ಜಲ್ಲಿ ಚೂರು. ಪ್ಲೈವುಡ್ ಎರಡು ತುಂಡಾಗಿರುವುದು ಬಾಗಿಲು ದಾಟಿಸಲು. ಸಂದು ಹೊಳೆಯ ನಡುವೆ ಬರುತ್ತದೆ, ಅದರ ಮೇಲೆ ಬಂಡೆ ಕೂರಿಸಿದರೆ ಮರೆಯಾಗುತ್ತದೆ.

ಥರ್ಮಾಕೋಲ್ ಮೂರು ಪದರ. ಹೊಳೆ ಇರುವಲ್ಲಿ ಮೇಲಿನ ಒಂದು ಪದರ ಕತ್ತರಿಸಿ ತೆಗೆಯಿರಿ, ಕಂದಕ ಇರುವಲ್ಲಿ ಎರಡು. ಅಷ್ಟಕ್ಕೇ ಹೊಳೆ 12 ಮಿ.ಮೀ., ಕಂದಕ 24 ಮಿ.ಮೀ. ಆಳ ಬರುತ್ತದೆ, ಕೆತ್ತುವ ಕೆಲಸವಿಲ್ಲ. ಅಂಟಿಸುವಾಗ ಜನ ಎಡವುವುದು ಎರಡು ಕಡೆ. ಚಪ್ಪಲಿ, ಫೋಮ್ ಅಂಟಿಸುವ ಹಳದಿ ರಬ್ಬರ್ ಗೋಂದು ಹಚ್ಚಿದರೆ ಅದರ ದ್ರಾವಕ ಥರ್ಮಾಕೋಲನ್ನು ತಿಂದುಹಾಕುತ್ತದೆ. ಫೆವಿಕಾಲ್ ತಿನ್ನುವುದಿಲ್ಲ, ಆದರೆ ದಪ್ಪಗೆ ಸುರಿದರೆ ಎರಡು ಹಾಳೆಗಳ ನಡುವೆ ಗಾಳಿಯಾಡದೆ ವಾರವಾದರೂ ಹಸಿಯಾಗಿಯೇ ಇರುತ್ತದೆ. ಹಳೆಯ ಬಾಚಣಿಗೆಯಿಂದ ತೆಳ್ಳಗೆ ಎಳೆದು, ಮೇಲೆ ಭಾರ ಹೇರಿ, ಒಂದು ಪೂರ್ತಿ ದಿನ ಬಿಡಿ.

ಈಗ ಪುಟ್ಟಿ ನಾಲ್ಕು ಪಾಲು, ಫೆವಿಕಾಲ್ ಒಂದು ಪಾಲು, ನೀರು ದೋಸೆ ಹಿಟ್ಟಿನ ಹದಕ್ಕೆ ಬರುವಷ್ಟು. ಇದನ್ನು ಇಡೀ ನೆಲಕ್ಕೆ 1–2 ಮಿ.ಮೀ. ಬಳಿದು, ಹಸಿಯಿರುವಾಗಲೇ ಮರಳು, ಜಲ್ಲಿ ಉದುರಿಸಿ. ಇನ್ನೂ ದಪ್ಪ ಬೇಕಿದ್ದರೆ ಒಣಗಿದ ಮೇಲೆ ಎರಡನೇ ಕೋಟು, ಒಂದೇ ಸಲಕ್ಕೆ ದಪ್ಪ ಮಾಡಿದರೆ ಬಿರುಕು ಬಿಡುತ್ತದೆ. ಒಂದೇ ಮುಖಕ್ಕೆ ನೀರಿನ ಲೇಪ ಬಿದ್ದರೆ ಪ್ಲೈವುಡ್ ಬಿಲ್ಲಾಗುತ್ತದೆ. ಅಡಿಭಾಗಕ್ಕೂ ಒಂದು ಕೋಟು ಬಣ್ಣ ಹೊಡೆಯಿರಿ, ಅಂಚಿನುದ್ದಕ್ಕೂ ಮರದ ಪಟ್ಟಿ ಬಿಗಿಯಿರಿ.

ಹೊಳೆಯಲ್ಲಿ ಬಂಡೆ ಧಾರಾಳವಾಗಿರಲಿ. ಆದರೆ ಸೈನಿಕರ ಬೇಸ್ (ಬೊಂಬೆಗಳನ್ನು ಗುಂಪಾಗಿ ಅಂಟಿಸುವ ಪುಟ್ಟ ತಟ್ಟು) ಕೂರುವಂತೆ 4–5 ಸೆಂ.ಮೀ. ಅಗಲದ ಚಪ್ಪಟೆ ತಾಣಗಳನ್ನು ಮಧ್ಯೆ ಮಧ್ಯೆ ಬಿಡಿ. ಮೇ ತಿಂಗಳ ಕಾವೇರಿಗೆ ನೀಲಿ ಬಣ್ಣ ಬೇಡವೇ ಬೇಡ. ಆಳದ ಮಡುಗಳಿಗೆ ಕಡು ಹಸಿರುಗಂದು, ತೆಳು ನೀರಿಗೆ ಮರಳುಗಂದು, ಎರಡೂ ಸೇರುವಲ್ಲಿ ಒದ್ದೆ ಬ್ರಶ್‌ನಿಂದ ಉಜ್ಜಿ ಬೆರೆಸಿ. ನೀರಿನ ಹೊಳಪಿಗೆ ಎಪಾಕ್ಸಿ ರೆಸಿನ್ ಸುರಿಯುವವರಿದ್ದಾರೆ. ದಪ್ಪಗೆ ಸುರಿದರೆ ಗಟ್ಟಿಯಾಗುವಾಗ ಏಳುವ ಬಿಸಿಗೆ ಥರ್ಮಾಕೋಲ್ ಕುಗ್ಗುತ್ತದೆ, ಸಂದು ಸಿಕ್ಕಲ್ಲೆಲ್ಲ ಸೋರುತ್ತದೆ. ಬೇಸಿಗೆಯ ತೆಳು ಹೊಳೆಗೆ ಅದರ ಅಗತ್ಯವೇ ಇಲ್ಲ. ನೀರಿನಲ್ಲಿ ಕರಗುವ ಹೊಳಪಿನ (ಗ್ಲಾಸಿ) ವಾರ್ನಿಶ್ ನಾಲ್ಕು ಕೋಟು, ಒಂದೊಂದೂ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಆತುರಪಟ್ಟರೆ ಹಾಲಿನಂತೆ ಮಬ್ಬಾಗಿ ಉಳಿದುಬಿಡುತ್ತದೆ.

ಗೋಡೆ, ಒಡಕು, ಗುಟ್ಟಿನ ದಾರಿ

ಹೊರಗೋಡೆ ನೆಲದಿಂದ 7 ಸೆಂ.ಮೀ., ಒಳಗೋಡೆ ಕಣ್ಣಿಗೆ ಕಾಣಲೆಂದು 8. ಗೋಡೆಯ ಮೇಲಿನ ಓಡಾಟದ ಜಾಗ 5 ಸೆಂ.ಮೀ.ಗೆ ಕಡಿಮೆಯಾದರೆ ಬೇಸ್‌ಗಳು ಕೆಳಗೆ ಬೀಳುತ್ತವೆ. ಕಲ್ಲಿನ ಗುರುತನ್ನು ಮೊದಲು ಚೂಪು ಪೆನ್ಸಿಲ್‌ನಿಂದ, ಆಮೇಲೆ ಮಸಿ ಮುಗಿದ ಬಾಲ್‌ಪೆನ್‌ನಿಂದ ಒತ್ತಿ ಗೀರಿ. 6 × 4 ಮಿ.ಮೀ. ಸರಾಸರಿ ಕಲ್ಲು, ನಡುನಡುವೆ ಇನ್ನೂ ದೊಡ್ಡವು. ಸಾಲುಗಳು ಇಟ್ಟಿಗೆ ಗೋಡೆಯಷ್ಟು ನೇರವಾಗಿ ಬಂದರೆ ಶ್ರೀರಂಗಪಟ್ಟಣ ಅನ್ನಿಸುವುದಿಲ್ಲ. ಮುದ್ದೆ ಮಾಡಿದ ಅಲ್ಯೂಮಿನಿಯಂ ಫಾಯಿಲ್ ಉರುಳಿಸಿದರೆ ಕಲ್ಲಿನ ಒರಟು ತಾನಾಗಿ ಮೂಡುತ್ತದೆ.

ಸ್ಪ್ರೇ ಡಬ್ಬಿಯ ಪೇಂಟ್ ಗೋಡೆಗೂ ನೆಲಕ್ಕೂ ಸೋಕಬಾರದು, ಎಕ್ಸ್‌ಪಿಎಸ್ ಕೂಡ ಕರಗುತ್ತದೆ. ಕಪ್ಪು ಅಕ್ರಿಲಿಕ್‌ಗೆ ಸ್ವಲ್ಪ ಫೆವಿಕಾಲ್ ಬೆರೆಸಿ ಬ್ರಶ್‌ನಲ್ಲೇ ಮೊದಲ ಕೋಟು ಹಾಕಿ. ಮೇಲೆ ಕಡು ಬೂದು, ನಂತರ ತಿಳಿ ಬೂದು ಡ್ರೈ ಬ್ರಶ್, ಅಂದರೆ ಬಣ್ಣ ಒರೆಸಿದ ಒಣ ಬ್ರಶ್‌ನಿಂದ ಉಬ್ಬುಗಳಿಗಷ್ಟೇ ಸವರುವುದು. ಕಂದು ಬಣ್ಣ ನೀರಾಗಿಸಿ ಸಂದುಗಳಿಗೆ ಹರಿಸಿದರೆ ಸಿಮೆಂಟ್ ಗೋಡೆಯ ನೋಟ ಹೋಗಿ ಗ್ರಾನೈಟ್ ಗೋಡೆ ಕಾಣುತ್ತದೆ.

ಒಡಕನ್ನು ಬೇರೆ ತುಂಡಾಗಿ ಮಾಡಿ. 12 ಸೆಂ.ಮೀ. ಅಗಲದ ಒಂದು ಇಡಿ ಗೋಡೆ, ಅದೇ ಅಳತೆಯ ಒಂದು ಒಡೆದ ಗೋಡೆ, ಆಟಕ್ಕೆ ತಕ್ಕಂತೆ ಬದಲಿಸಬಹುದು. ಒಡೆದ ಗೋಡೆಯ ಎತ್ತರ 4.5 ಸೆಂ.ಮೀ. ಅದರ ಮುಂದಿನ ಹೊರಕಂದಕವನ್ನು ಕಲ್ಲುರಾಶಿ ತುಂಬಿರಬೇಕು. ರಾಶಿಯನ್ನು ಸುಮ್ಮನೆ ಇಳಿಜಾರಾಗಿಸಿದರೆ ಬೇಸ್‌ಗಳು ಜಾರುತ್ತವೆ, ಆಟದುದ್ದಕ್ಕೂ ಎತ್ತಿ ನಿಲ್ಲಿಸುವುದೇ ಕೆಲಸ. ಒಳಗೆ ಮೂರು ಮೆಟ್ಟಿಲು ಕಟ್ಟಿ: ಪ್ರತಿಯೊಂದೂ 1.5 ಸೆಂ.ಮೀ. ಎತ್ತರ, 3.5 ಸೆಂ.ಮೀ. ಆಳ. ಮೇಲೆ ಎಕ್ಸ್‌ಪಿಎಸ್ ಚೂರು, ಜಲ್ಲಿ ಅಂಟಿಸಿದರೆ ಮೆಟ್ಟಿಲು ಕಣ್ಣಿಗೆ ಬೀಳುವುದಿಲ್ಲ. ಒಳಬದಿಗೆ ಮಾತ್ರ ಇಳಿಜಾರು ಬೇಡ, ಕಡಿದಾಗಿ ಒಳಕಂದಕಕ್ಕೆ ಬೀಳಲಿ.

ಆ ಒಳಕಂದಕವನ್ನು ದಾಟಲು ಅಂದು ಇಂಗ್ಲಿಷರಿಗೆ ನೆರವಾದದ್ದು ಕೆಲಸಗಾರರ ಓಡಾಟಕ್ಕೆಂದು ಬಿಟ್ಟಿದ್ದ ಕಿರಿದಾದ ಒಂದು ದಾರಿ. 12ನೇ ರೆಜಿಮೆಂಟಿನವರು ಅದನ್ನು ಹಿಡಿದು ಒಳಗೋಡೆಗೆ ಹೋದರು. 4 ಸೆಂ.ಮೀ. ಅಗಲದ ಬಿಡಿ ತುಂಡೊಂದನ್ನು ಇದಕ್ಕಾಗಿ ಮಾಡಿಟ್ಟುಕೊಳ್ಳಿ. ಆಟ ಶುರುವಾಗುವಾಗ ಅದು ಮೇಜಿನ ಮೇಲೆ ಇರಕೂಡದು.

ಸೈನಿಕರು

ಲಗ್ಗೆ ಹಾಕಿದವರು ಸುಮಾರು 4,400 ಮಂದಿ, ಅದರಲ್ಲಿ ಐರೋಪ್ಯರು 2,500ರ ಆಸುಪಾಸು, ಉಳಿದವರು ಸಿಪಾಯಿಗಳು. ಇಪ್ಪತ್ತು ಜನಕ್ಕೆ ಒಂದು ಬೊಂಬೆ ಎಂದರೆ, 40 × 30 ಮಿ.ಮೀ. ಬೇಸ್‌ಗೆ ಎಂಟರಂತೆ ಐರೋಪ್ಯರ 16 ಬೇಸ್, ಸಿಪಾಯಿಗಳ 12 ಬೇಸ್. ಮೈಸೂರು ಕಡೆಗೆ ಕಾಲಾಳು 14 ಬೇಸ್, ರಾಕೆಟ್ 4, ಫಿರಂಗಿ 4. ಮೊದಲ ಸಲದವರು ನಲವತ್ತಕ್ಕೆ ಒಂದು ಎಂದು ಅರ್ಧಕ್ಕಿಳಿಸಿ, ಯಾರೂ ಕೇಳುವುದಿಲ್ಲ.

ಪ್ಲಾಸ್ಟಿಕ್ ಬೊಂಬೆಗಳಾದರೆ ಪಾತ್ರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಬಯೊನೆಟ್‌ನಿಂದ ಬಣ್ಣ ಸಿಪ್ಪೆಯಾಗಿ ಏಳುತ್ತದೆ. ತ್ರೀಡಿ ಪ್ರಿಂಟ್ ರೆಸಿನ್ ಆದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು ಯುವಿ ಬೆಳಕಲ್ಲಿ ಗಟ್ಟಿ ಮಾಡಿರಬೇಕು, ಉಜ್ಜುವಾಗ ಮಾಸ್ಕ್ ಕಡ್ಡಾಯ. ಐಸ್‌ಕ್ರೀಂ ಕಡ್ಡಿಗೆ ಎಂಟೆಂಟು ಅಂಟಿಸಿ ಪ್ರೈಮರ್ ಹೊಡೆಯಿರಿ. ಮಳೆಗಾಲದ ತೇವದಲ್ಲಿ ಸ್ಪ್ರೇ ಪ್ರೈಮರ್ ಪುಡಿಪುಡಿಯಾಗಿ ಕೂರುತ್ತದೆ, ಆ ದಿನಗಳಲ್ಲಿ ಬ್ರಶ್ ಪ್ರೈಮರೇ ಗತಿ.

ಬಣ್ಣ ಬಳಿಯುವುದು ಒಳಗಿನಿಂದ ಹೊರಕ್ಕೆ: ಚರ್ಮ, ಕೋಟು, ಷರಾಯಿ, ಅಡ್ಡಪಟ್ಟಿ, ಕೋವಿ. 24 ಬೊಂಬೆಗೆ ಒಂದೇ ಬಣ್ಣ ಮುಗಿಸಿ ಮುಂದಿನದಕ್ಕೆ ಹೋಗಿ. ಐರೋಪ್ಯರಿಗೆ ಕೆಂಪು ಕೋಟು, ಬಿಳಿ ಷರಾಯಿ, ಕಪ್ಪು ದುಂಡು ಹ್ಯಾಟು. ಹೈಲ್ಯಾಂಡ್ ರೆಜಿಮೆಂಟುಗಳೂ ಇಲ್ಲಿನ ಸೆಕೆಗೆ ಕಿಲ್ಟ್ ಬಿಟ್ಟು ಷರಾಯಿ ತೊಟ್ಟಿದ್ದವು, ಕಿಲ್ಟ್ ಬಳಿದು ದಣಿಯಬೇಡಿ. ಕಾಲರ್, ತೋಳಿನಂಚು 12ನೇ ರೆಜಿಮೆಂಟಿಗೆ ಹಳದಿ, 33ನೆಯದಕ್ಕೆ ಕೆಂಪೇ, 74ಕ್ಕೆ ಬಿಳಿ. ಮದ್ರಾಸ್ ಸಿಪಾಯಿಗೆ ಕೆಂಪು ಅಂಗಿ, ನೀಲಿ ಪೇಟ, ಮೊಣಕಾಲಿಗಿಂತ ಮೇಲೆ ನಿಲ್ಲುವ ಬಿಳಿ ಚಡ್ಡಿ, ಬರಿಗಾಲು ಅಥವಾ ಚಪ್ಪಲಿ.

ಟಿಪ್ಪುವಿನ ಕಾಲಾಳು ಸುಲಭಕ್ಕೆ ಬಗ್ಗದು. ನೇರಳೆ ಅಂಗಿಯ ಮೇಲೆ ಬಿಳಿಯ ಹುಲಿಪಟ್ಟೆ ಗುರುತು, ಅದೇ ಬಬ್ರಿ. 15 ಮಿ.ಮೀ. ಬೊಂಬೆಗೆ ಪಟ್ಟೆ ಎಳೆಯಲು ಹೋದರೆ ಜೀಬ್ರಾ ಆಗುತ್ತದೆ. ಚೂಪು ಮಾಡಿದ ಟೂತ್‌ಪಿಕ್ ತುದಿಯಲ್ಲಿ ಮಾಸಲು ಬಿಳಿ ಅದ್ದಿ, ಎದೆಗೆ ಐದಾರು, ಬೆನ್ನಿಗೆ ಐದಾರು ಓರೆ ಚುಕ್ಕೆ ಇಡಿ. ಅಚ್ಚ ಬಿಳಿ ಕಣ್ಣಿಗೆ ಹೊಡೆಯುತ್ತದೆ. ಅಂಗಿಯ ನೇರಳೆಯನ್ನೂ ಒಬ್ಬರಿಂದೊಬ್ಬರಿಗೆ ಚೂರು ಬದಲಿಸಿ, ಬಿಸಿಲಲ್ಲಿ ಓಡಾಡಿದ ಬಟ್ಟೆ ಒಂದೇ ತೆರ ಇರದು.

ರಾಕೆಟ್‌ಗೆ ತೆಂಗಿನ ಕಡ್ಡಿಪೊರಕೆಯ ತುದಿ ಸಾಕು. ನಿಜದ ರಾಕೆಟ್ಟು ಗೇಣುದ್ದದ ಕಬ್ಬಿಣದ ಕೊಳವೆ, ಅದಕ್ಕೆ ಕಟ್ಟಿದ ಮೀಟರ್ ಉದ್ದದ ಬಿದಿರು. ಅಳತೆಗೆ ಕೊಳವೆ 2.5 ಮಿ.ಮೀ. ಆಗುತ್ತದೆ, ಕಾಣುವುದೇ ಇಲ್ಲ. 4 ಮಿ.ಮೀ. ಮಾಡಿ, ಕಡ್ಡಿ 12 ಮಿ.ಮೀ. ಇರಲಿ.

ಆಟ

ಒಂದು ಸುತ್ತು ಎಂದರೆ ಅಂದಿನ ಕದನದ ಸುಮಾರು ಒಂದು ನಿಮಿಷ, ಒಟ್ಟು 14 ಸುತ್ತು. ಸುತ್ತಿಗೊಮ್ಮೆ ಬೇಸ್ ಸಾಗುವ ದೂರ ಬಂಡೆಯ ಮೇಲೆ 10 ಸೆಂ.ಮೀ., ನೀರಲ್ಲಿ 5. ಮೈಸೂರು ಕಡೆಯ ಪ್ರತಿ ಬೇಸ್‌ಗೆ ಮೊದಲೇ ದಾಳ ಎಸೆಯಿರಿ: 1ರಿಂದ 3 ಬಿದ್ದರೆ ಅದು ಗೋಡೆಯ ಮೇಲಿಲ್ಲ, ನಾಲ್ಕನೇ ಸುತ್ತಿಗೆ ಹಿಂದಿನಂಚಿನಿಂದ ಬರುತ್ತದೆ. ಉರಿಬಿಸಿಲಲ್ಲಿ ಕಾವಲು ಸಡಿಲವಾಗಿತ್ತು. ಟಿಪ್ಪುವಿನ ಮಂತ್ರಿ ಮೀರ್ ಸಾದಿಕ್ ಸಂಬಳದ ನೆಪದಲ್ಲಿ ಸೈನಿಕರನ್ನು ಕರೆಸಿಕೊಂಡ ಎಂಬ ಜನಜನಿತ ಕಥೆಯನ್ನು ನಂಬುವವರಿಗೂ ಈ ನಿಯಮ ಒಗ್ಗುತ್ತದೆ. ಒಡಕಿನ ಬಳಿಯಿದ್ದ ಟಿಪ್ಪುವಿನ ಸರದಾರ ಸೈಯದ್ ಗಫಾರ್ ಲಗ್ಗೆಗೆ ಮುಂಚೆಯೇ ಗುಂಡಿಗೆ ಬಲಿಯಾಗಿದ್ದ. ಅವನನ್ನು ಬದುಕಿಸಿ ಆಡುವುದಾದರೆ ಒಡಕಿನ ಸುತ್ತಲಿನ ಬೇಸ್‌ಗಳ ದಾಳಕ್ಕೆ ಒಂದು ಅಂಕ ಹೆಚ್ಚು ಕೊಡಿ.

ಒಳಕಂದಕದ ಗುಟ್ಟಿನ ದಾರಿ ಎಲ್ಲಿದೆ ಎಂದು ಮೈಸೂರು ಆಟಗಾರ ಚೀಟಿಯಲ್ಲಿ ಬರೆದಿಡಬೇಕು. ದಾಳಿಕೋರರ ಬೇಸ್ ಆ ಜಾಗದ 8 ಸೆಂ.ಮೀ. ಒಳಗೆ ಬಂದಾಗ ಮಾತ್ರ ಆ ತುಂಡನ್ನು ಮೇಜಿಗೆ ಇಡುವುದು. ರಾಕೆಟ್ ಬಿಟ್ಟಾಗ ಮೊದಲ ದಾಳ ದಿಕ್ಕಿಗೆ, ಎರಡನೆಯದು ದೂರಕ್ಕೆ. ತನ್ನವರ ಮೇಲೇ ಬಿದ್ದರೂ ಲೆಕ್ಕ ಲೆಕ್ಕವೇ.

ದಾಳಿಕೋರರು ಗೆಲ್ಲಲು ಒಳಗೋಡೆಯ ಮೇಲೆ ಎರಡು ಬೇಸ್ ಅಥವಾ ಹೊರಗೋಡೆಯ ಎರಡೂ ತುದಿ ಹಿಡಿಯಬೇಕು. ಒಡಕು ಹತ್ತಿದ್ದಕ್ಕೇ ಗೆಲುವು ಕೊಟ್ಟರೆ ಆಟ ಆರನೇ ಸುತ್ತಿಗೆ ಮುಗಿದು, ಕಟ್ಟಿದ ಒಳಕಂದಕ ದಂಡ. ಎರಡು ಆಟವಾದ ಮೇಲೂ ಮೈಸೂರು ಒಮ್ಮೆಯೂ ಗೆಲ್ಲದಿದ್ದರೆ ಹೊಳೆಯಲ್ಲಿ ಚಪ್ಪಟೆ ತಾಣಗಳು ಜಾಸ್ತಿಯಾಗಿವೆ ಎಂದರ್ಥ. ಎರಡು ಮೂರನ್ನು ಒಡೆದು ಮಡು ಮಾಡಿ, ಮತ್ತೆ ವಾರ್ನಿಶ್ ಹಚ್ಚಿ.