ಗಂಡ ಫೌಜಿ (ಸೈನಿಕ), ಕುಡಿತ ಕೈ ಮೀರ್ತಿದೆ ಅಂದ್ರೆ ಎಲ್ಲಿಂದ ಶುರು ಮಾಡ್ಬೇಕು

ಮೊದ್ಲು ಒಂದು ಮಾತು, ಬಾಟ್ಲಿನ ಸಿಂಕಿಗೆ ಸುರೀಬೇಡಿ. ನಾನು ಸುರಿದಿದೀನಿ, ಅವ್ರು ರಜಕ್ಕೆ ಬಂದ ಮೂರನೇ ದಿನ, ಅಡುಗೆಮನೆ ತುಂಬ ರಮ್ ವಾಸ್ನೆ, ಅವ್ರು ಒಂದ್ ಮಾತೂ ಆಡ್ದೆ ಸ್ಕೂಟರ್ ತಗೊಂಡ್ ಹೋಗಿ ಪೇಟೆ ಅಂಗಡಿಯಿಂದ, ಮಿಲಿಟರಿ ಕ್ಯಾಂಟೀನ್ ಅಲ್ದೆ ಹೊರಗಿನ ರೇಟಿಗೇ ತಂದ್ರು, ಮಾರನೇ ದಿನದಿಂದ ಬಾಟ್ಲಿ ಕೊಟ್ಟಿಗೆ ಅಟ್ಟದ ಹುಲ್ಲೊಳಗೆ ಸೇರ್ಕೊಳ್ತು. ಅಲ್ಲಿವರ್ಗೂ ಎಷ್ಟು ಕುಡೀತಾರೆ ಅಂತನಾದ್ರೂ ಕಣ್ಣಿಗೆ ಕಾಣ್ತಿತ್ತು, ಆಮೇಲೆ ಅದೂ ಇಲ್ಲ.

ನಮ್ ಕಡೆ ಇದನ್ನ ಪ್ರಾಬ್ಲಮ್ ಅಂತ ಒಪ್ಸೋದೇ ಕಷ್ಟ. ಫೌಜಿ ಅಂದ್ಮೇಲೆ ಕುಡೀದೆ ಇರ್ತಾರಾ ಅಂತಾರೆ, ಯೂನಿಟಲ್ಲಿ ಬಡಾಖಾನಾ (ಎಲ್ರೂ ಸೇರಿ ಉಣ್ಣೋ ದೊಡ್ಡೂಟ), ಕೈಯಲ್ಲಿ ಮಿಲಿಟರಿ ಕ್ಯಾಂಟೀನಿನ ಕಮ್ಮಿ ರೇಟಿನ ಲಿಕ್ಕರ್ ಕೋಟಾ, ಊರಿಗೆ ಬಂದ್ರೆ ಟ್ರಂಕ್ ಯಾವಾಗ ಓಪನ್ ಆಗುತ್ತೆ ಅಂತ ಕಾಯ್ತಾ ಕೂರೋ ಭಾವ, ಚಿಕ್ಕಪ್ಪ. ಹಂಗಾಗಿ ವಾದ ಬಿಟ್ಟು ಲೆಕ್ಕ ಹಿಡೀರಿ. 30 ಎಂಎಲ್ ಸ್ಮಾಲ್ ಪೆಗ್ಗಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತೆ, ಡಾಕ್ಟ್ರು ಒಂದು ಡ್ರಿಂಕ್ ಅಂತ ಲೆಕ್ಕ ಹಾಕೋದು ಇದನ್ನೇ. ಹಂಗೆ ನೋಡಿದ್ರೆ 180 ಎಂಎಲ್ ಕ್ವಾರ್ಟರ್ ಅಂದ್ರೆ 6 ಡ್ರಿಂಕ್, 750 ಎಂಎಲ್ ಫುಲ್ ಬಾಟ್ಲಿ ಅಂದ್ರೆ 25, ಬೀರ್ ತಾನೇ ಅಂತ ಅಸಡ್ಡೆ ಮಾಡೋ 650 ಎಂಎಲ್ ಸ್ಟ್ರಾಂಗ್ ಬೀರಲ್ಲೂ ಹತ್ರಹತ್ರ 4. ಎರಡು ವಾರ ಕ್ಯಾಲೆಂಡರಲ್ಲಿ ಬರ್ಕೊಳಿ, ಎಷ್ಟು, ಎಷ್ಟ್ ಗಂಟೆಗೆ ಶುರು, ಬೆಳಿಗ್ಗೆ ಕಾಫಿ ಲೋಟ ಹಿಡಿಯೋವಾಗ ಕೈ ನಡುಗುತ್ತಾ. ಕುಡಿತ ಎಷ್ಟು ಮೀರಿದೆ ಅಂತ ಅಳೆಯೋಕೆ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅಂತ 10 ಪ್ರಶ್ನೆ ಇದೆ, ಸ್ಕೋರ್ 8 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಎಚ್ಚರ, 20 ಮುಟ್ಟಿದ್ರೆ ಡಾಕ್ಟ್ರ ಹತ್ರ ಹೋಗ್ಲೇಬೇಕು.

ಈಗ ಹೇಳೋದನ್ನ ದಯವಿಟ್ಟು ಎರಡ್ ಸಲ ಓದಿ. ದಿನಾ ಕುಡಿಯೋರ್ನ ಒಂದೇ ಸಲಕ್ಕೆ ನಿಲ್ಸೋಕೆ ಹೋಗ್ಬೇಡಿ. ದೇವಸ್ಥಾನಕ್ಕೆ ಕರ್ಕೊಂಡ್ ಹೋಗಿ ಆಣೆ ಹಾಕ್ಸೋದು, ರೂಮಲ್ಲಿ ಕೂಡಾಕೋದು ಎಲ್ಲ ಡೇಂಜರ್. ನಿಲ್ಸಿದ ಮೊದಲ ದಿನನೇ ನಡುಕ, ಬೆವರು, ವಾಂತಿ ಶುರುವಾಗುತ್ತೆ, ಎರಡ್ ದಿನದ ಒಳಗೆ ಫಿಟ್ಸ್ ಬರ್ಬೋದು, ಎರಡರಿಂದ ನಾಲ್ಕನೇ ದಿನದ ಮಧ್ಯ ಇಲ್ದಿರೋರೆಲ್ಲ ಕಾಣ್ಸೋದು, ಜ್ವರ, ಏನೇನೋ ಬಡಬಡಿಸೋದು, ಟ್ರೀಟ್ಮೆಂಟ್ ಇಲ್ದಿದ್ರೆ ಜೀವಕ್ಕೇ ಅಪಾಯ. ಫೌಜಿಗಳಿಗೆ ಇದು ಆಗೋ ಅಪಾಯ ಎಲ್ಲಿ ಗೊತ್ತಾ, ರಜ ಮುಗಿಸಿ ವಾಪಸ್ ಹೋಗೋ ಟ್ರೈನಲ್ಲಿ. ಊರಲ್ಲಿ ಒಂದೂವರೆ ತಿಂಗಳು ಬಿಡದೆ ಕುಡಿದು, ಜಮ್ಮು ಕಡೆ ಎರಡ್ಮೂರು ದಿನದ ಪ್ರಯಾಣದಲ್ಲಿ ಒಂದ್ ಹನಿ ಇಲ್ಲ ಅಂದ್ರೆ ಬಾಡಿ ತಡೀಬೇಕಲ್ಲ. ಹಿಂದೆ ಯಾವಾಗಾದ್ರೂ ಫಿಟ್ಸ್ ಬಂದಿದ್ರೆ ಅಡ್ಮಿಟ್ ಆಗೇ ಬಿಡಿಸ್ಬೇಕು.

ಇನ್ನೊಂದು, "ಅವರಿಗೆ ಗೊತ್ತಾಗದಂತೆ ಕಾಫಿಯಲ್ಲಿ ಬೆರೆಸಿ" ಅಂತ ಮಾರೋ ಪುಡಿ, ಡ್ರಾಪ್ಸ್. ಕೆಲವದ್ರಲ್ಲಿ ಏನಿದೆ ಅಂತನೇ ಗೊತ್ತಿರಲ್ಲ, ಡೈಸಲ್ಫಿರಾಮ್ (ಕುಡಿತ ಬಿಡ್ಸೋಕೆ ಡಾಕ್ಟ್ರು ಕೊಡೋ ಔಷಧಿ) ಆದ್ರೆ ಅದರ ಮೇಲೆ ಕುಡಿದ್ರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಇಳಿದು ಕುಸಿದು ಬೀಳ್ತಾರೆ. ಒಳ್ಳೆ ಔಷಧಿನೇ, ಆದ್ರೆ ಡಾಕ್ಟ್ರು ಬರ್ಕೊಟ್ಟು, ಕುಡಿಯೋರೇ ಒಪ್ಪಿ ತಗೊಂಡಾಗ.

ಮಾತಾಡೋದು ಯಾವಾಗ? ರಾತ್ರಿ ಅಂತೂ ಬೇಡ, ಅತ್ತೆ ಮುಂದೆ ಬೇಡ, ರಜದ ಮೊದಲ ವಾರನೂ ಬೇಡ, ಆಗ ಅವ್ರ ತಲೆ ಇನ್ನೂ ಯೂನಿಟಲ್ಲೇ ಇರುತ್ತೆ. ಬೆಳಿಗ್ಗೆ ಸ್ನಾನ ಆಗಿ ತಿಂಡಿ ತಿಂದ್ಮೇಲೆ ಇಬ್ಬರೇ ಇರೋವಾಗ ನೋಡ್ಕೊಳಿ. ನಾನು ಕ್ಯಾಲೆಂಡರ್ ಎದುರಿಗಿಟ್ಟು ಇಷ್ಟೇ ಹೇಳಿದ್ದು, "ಭಾನುವಾರ ಮಗಳ ಸ್ಕೂಲ್ ಡೇಗೆ ಬರ್ತೀನಿ ಅಂದ್ರಿ, ಮಲಗಿದ್ರಿ. ಅವ್ಳು ಡ್ಯಾನ್ಸ್ ಮಾಡ್ತಾ ಗೇಟ್ ಕಡೆನೇ ನೋಡ್ತಿದ್ಲು. ನಂಗೆ ಭಯ ಆಗ್ತಿದೆ." ಕುಡುಕ ಅನ್ನೋ ಪದ ತರ್ಲಿಲ್ಲ, ಅವರಪ್ಪನ ಕಥೆ ಎತ್ಲಿಲ್ಲ. ಅವತ್ತು ಎದ್ದು ಹೋದ್ರು, ನಾಲ್ಕನೇ ದಿನ ತಾವೇ ಬಂದು "ಡಾಕ್ಟ್ರ ಹತ್ರ ಹೋದ್ರೆ ನೌಕ್ರಿ ಹೋಗುತ್ತೆ ಕಣೆ" ಅಂದ್ರು. ನೋಡಿ, ಒಳಗಿದ್ದ ಭಯ ಇದು.

ಈ ಭಯಕ್ಕೆ ನಿಮ್ಮತ್ರ ಉತ್ತರ ಇರ್ಬೇಕು. ಸುಳ್ಳು ಸಮಾಧಾನ ಬೇಡ, ಮಿಲಿಟರಿ ಆಸ್ಪತ್ರೆಲಿ ಸೈಕಿಯಾಟ್ರಿಸ್ಟ್ ನೋಡಿ ಡಿಪೆಂಡೆನ್ಸ್ (ಕುಡೀದೆ ಇರೋಕಾಗದ ಸ್ಥಿತಿ) ಅಂತ ಬರೆದ್ರೆ ಲೋ ಮೆಡಿಕಲ್ ಕೆಟಗರಿ, ಅಂದ್ರೆ ಪೂರ್ತಿ ಫಿಟ್ ಅಲ್ಲ ಅನ್ನೋ ದರ್ಜೆ, ಹಾಕ್ತಾರೆ, ಸೈನಿಕರ ಫಿಟ್ನೆಸ್ ಅಳೆಯೋ ಶೇಪ್ ಅಂತಾರಲ್ಲ ಅದ್ರಲ್ಲಿ ಮೊದಲನೇ ಅಕ್ಷರ ಎಸ್ ಮನಸ್ಸಿಗೆ ಸಂಬಂಧಪಟ್ಟಿದ್ದು. ಪ್ರಮೋಶನ್‌ಗೆ ಪೆಟ್ಟು ಬೀಳ್ಬೋದು, ನಿಜ. ಆದ್ರೆ ಕೆಟಗರಿ ಆಗಾಗ ರಿವ್ಯೂ ಆಗುತ್ತೆ, ಸುಧಾರಿಸಿದ್ರೆ ಅಪ್‌ಗ್ರೇಡ್ ಆಗೋಕೂ ದಾರಿ ಇದೆ. ಅದೇ ಮುಚ್ಚಿಟ್ಟು ಒಂದಿನ ಕುಡಿದು ಸಿಕ್ಕಿಬಿದ್ರೆ? 1950ರ ಆರ್ಮಿ ಆಕ್ಟ್ ಸೆಕ್ಷನ್ 48, ಡ್ಯೂಟಿಲಿರ್ಲಿ ಇಲ್ದಿರ್ಲಿ ಕುಡಿದ ಸ್ಥಿತಿಲಿ ಸಿಕ್ಕಿದ್ರೆ ಅಪರಾಧನೇ. ತಾನಾಗೇ ಎಂಐ ರೂಮ್‌ಗೆ (ಯೂನಿಟ್ ಕ್ಲಿನಿಕ್) ಹೋಗಿ ಆರ್‌ಎಂಒ, ಅಂದ್ರೆ ಯೂನಿಟ್ ಡಾಕ್ಟ್ರ ಹತ್ರ ಹೇಳೋನು ಪೇಶೆಂಟ್, ಸಿಕ್ಕಿಬಿದ್ದೋನು ಆರೋಪಿ, ನಾನು ಮನೇಲಿ ಹೇಳಿದ್ದು ಇಷ್ಟೇ. ಜೊತೆಗೆ ಅವ್ರ ಪರ ಯೂನಿಟ್‌ಗೆ ಫೋನ್ ಮಾಡಿ "ಜ್ವರ ಸಾಬ್" ಅನ್ನೋದು ನಿಲ್ಸಿ. ನಾನು ಎರಡು ವರ್ಷ ಮಾಡಿದೀನಿ, ಗಂಡನ್ನ ಕಾಪಾಡ್ತಿದೀನಿ ಅನ್ಕೊಂಡಿದ್ದೆ, ಕಾಪಾಡಿದ್ದು ಬಾಟ್ಲಿನ.

ಯೂನಿಟ್‌ಗೆ ಹೇಳೋ ಮುಂಚೆ ನೀವೊಬ್ರೇ ಯಾರತ್ರನಾದ್ರೂ ಮಾತಾಡ್ಬೇಕು ಅನ್ಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ಹೆಂಡ್ತಿನೂ ಫೋನ್ ಮಾಡ್ಬೋದು. ಸೈನಿಕರು ಮತ್ತೆ ಅವ್ರ ಕುಟುಂಬಕ್ಕೆ ಅಂತನೇ 2023ರ ಡಿಸೆಂಬರಲ್ಲಿ ಪುಣೆಯ ಎಎಫ್‌ಎಂಸಿಲಿ (ಸೇನೆಯ ಮೆಡಿಕಲ್ ಕಾಲೇಜು) ಇದರ ಬೇರೆ ಸೆಲ್ ಶುರು ಮಾಡಿದ್ರು. ವ್ಯಸನಕ್ಕೇ ಅಂತ 14446 ಇದೆ. ಬೆಂಗಳೂರು ಹತ್ರ ಇರೋರಿಗೆ ನಿಮ್ಹಾನ್ಸ್ ವ್ಯಸನ ಚಿಕಿತ್ಸಾ ಕೇಂದ್ರ ಇದ್ದೇ ಇದೆ, ಪೆನ್ಶನ್ ಬಂದಿದ್ರೆ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್‌ನಿಂದ ರೆಫರಲ್ ಕೇಳಿ. ಹಳ್ಳಿ ಕಡೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟೋರು ಎಷ್ಟೋ ಜನ, ಆದ್ರೆ ನಡುಕ, ಫಿಟ್ಸ್ ಇರೋರು ಮೊದ್ಲು ಡಾಕ್ಟ್ರಿಗೆ ತೋರ್ಸಿ ಹೋಗಿ. ನಿದ್ದೆ ಬರಲ್ಲ ಅಂತನೇ ಕುಡಿಯೋರೂ ಇರ್ತಾರೆ, ಫೀಲ್ಡಲ್ಲಿ ಕಂಡಿದ್ದನ್ನ ಮರೀಬೇಕು ಅಂತ ಕುಡಿಯೋರು ಇರ್ತಾರೆ, ಅದನ್ನೂ ಡಾಕ್ಟ್ರಿಗೆ ಹೇಳಿ, ಬರೀ ಕುಡಿತ ಬಿಡಿಸಿದ್ರೆ ಅದು ಹೋಗಲ್ಲ.

ಕೈ ಎತ್ತಿದ್ರೆ ಮೇಲಿನ ಯಾವ ತಾಳ್ಮೆನೂ ಬೇಡ, ಮಕ್ಕಳನ್ನ ಕರ್ಕೊಂಡು ಹೊರಗೆ ಬನ್ನಿ, 112, ಇಲ್ಲ ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಫೌಜಿ ಹೆಂಡ್ತಿಗೂ ಇದೆ. ಕೊಡಗಲ್ಲಿ ಮನೇಲಿ ಕೋವಿ ಇರೋದು ಮಾಮೂಲು, ಬೇರೆ ಕಡೆನೂ ರಿಟೈರ್ ಆಗಿ ಸೆಕ್ಯುರಿಟಿ ಕೆಲಸಕ್ಕೆ ಅಂತ ಲೈಸೆನ್ಸ್ ಗನ್ ಇಟ್ಕೊಂಡಿರ್ತಾರೆ. ಕುಡಿತ, ಬೇಜಾರು, ಗನ್ ಮೂರೂ ಒಂದೇ ಸೂರಿನಡಿ ಇರ್ಬಾರ್ದು. ಅವ್ರು ಸರಿ ಇರೋವಾಗ್ಲೇ ಒಪ್ಸಿ ಠಾಣೇಲಿ ಡಿಪಾಸಿಟ್ ಮಾಡ್ಸಿ, ಎಲೆಕ್ಷನ್ ಟೈಮಲ್ಲಿ ಮಾಡಲ್ವಾ ಹಂಗೆ.

ನಮ್ಮೋರು ಒಂದೇ ಸಲಕ್ಕೆ ಬಿಟ್ರು ಅನ್ಕೋಬೇಡಿ. ಅಡ್ಮಿಟ್ ಆಗಿ ಬಂದು ಏಳು ತಿಂಗಳು ಮುಟ್ಲಿಲ್ಲ, ಆಮೇಲೆ ಒಂದು ಮದುವೇಲಿ ಶುರುವಾಯ್ತು, ನಾನು ಅತ್ತುಬಿಟ್ಟೆ, ಕೂಗಾಡಿಬಿಟ್ಟೆ, ಮೂರನೇ ದಿನ ಮತ್ತೆ ಅದೇ ಡಾಕ್ಟ್ರ ಹತ್ರ ಹೋದ್ವಿ, ಅವ್ರು ಬೈಲಿಲ್ಲ, ಮಾತ್ರೆ ಬದ್ಲಾಯ್ಸಿದ್ರು ಅಷ್ಟೇ. ಈಗ ಕ್ಯಾಂಟೀನಿನ ಲಿಕ್ಕರ್ ಕಾರ್ಡ್ ಬೀರುಲಿ ನನ್ನ ಸೀರೆ ಕೆಳಗಿದೆ, ನಾನು ಕಿತ್ಕೊಂಡಿದ್ದಲ್ಲ, ಅವ್ರೇ ತಂದಿಟ್ಟಿದ್ದು. ಭಾವ ಮಾತ್ರ ಇನ್ನೂ ಮುಖ ಊದಿಸ್ಕೊಂಡೇ ಇದಾರೆ, ಯುಗಾದಿಗೂ ಬರ್ಲಿಲ್ಲ.