ಮದಗದ ನೀರಿನ ಮೇಲೆ ಹರಿವೆ ಬೆಳೆಸುವುದು ಹೀಗೆ

ಉಡುಪಿ ಕಡೆ ತಗ್ಗಿನ ಗದ್ದೆಗೆ ನೆರೆ ಬಂದರೆ ತರಕಾರಿ ಹೋಯ್ತು ಅಂತಲೇ ಲೆಕ್ಕ, ಅಲ್ವಾ? ಬಾಂಗ್ಲಾದೇಶದ ಗೋಪಾಲ್‌ಗಂಜ್, ಪಿರೋಜ್‌ಪುರದಲ್ಲಿ ಹೊಲ ತಿಂಗಳುಗಟ್ಟಲೆ ನೀರಲ್ಲೇ ಇರುತ್ತದೆ. ಅಲ್ಲಿನವರು ತೇಲುವ ಕಳೆಯ ಹಾಸು ಮಾಡಿ ನೀರಿನ ಮೇಲೆಯೇ ತರಕಾರಿ ಬೆಳೆಯುತ್ತಾರೆ. 2015ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು ಕೃಷಿ ಪರಂಪರೆ ಎಂದು ಗುರುತಿಸಿದೆ.

ಅಂತರಗಂಗೆ (ನೀರಿನ ಮೇಲೆ ತೇಲುವ ಕಳೆ, ವಾಟರ್ ಹಯಸಿಂತ್) ಒತ್ತಾಗಿ ತುಂಬಿದ ಸಿಹಿನೀರಿನ ಮದಗ ಹುಡುಕಿ. ಕಳೆ ಇಲ್ಲದ ಮದಗಕ್ಕೆ ಸುಮ್ನೆ ತಂದು ಬಿಡಬೇಡಿ, ಆಮೇಲೆ ತೆಗೆಯಲು ಆಗುವುದಿಲ್ಲ. ಕಳೆಯ ಮೇಲೆ ಬಿದಿರು ಹಾಸಿ, ಅದರ ಮೇಲೆ ನಿಂತು, ಸುತ್ತಲಿನದನ್ನೂ ಎಳೆದು ಒಟ್ಟುತ್ತಾ ತುಳಿಯಿರಿ. ದಪ್ಪ ಆಯ್ತಾ, ಬಿದಿರು ಎಳೆದುಕೊಳ್ಳಿ. ಮೇಲ್ಪದರ ಕೊಳೆತು ಕಪ್ಪಾಗುವವರೆಗೆ ಕಾಯಲೇಬೇಕು. ನಂತರ ಗೊಬ್ಬರದ ಉಂಡೆಯಲ್ಲಿ ಮೊಳಕೆ ಬರಿಸಿದ ಬೆಂಡೆ, ಹರಿವೆ ನೆಡಿ. ಹಾಸು ತೇಲಿಹೋಗದಂತೆ ಗೂಟಕ್ಕೆ ಕಟ್ಟಿ. ನೀರು ಇಳಿದ ಮೇಲೆ ಆ ಹಾಸೇ ಗದ್ದೆಗೆ ಗೊಬ್ಬರ.