ಸ್ಕೇಲ್ ಹಿಡಿದು ಸುದ್ದಿ ಅಳೆದ ದಿನಗಳು

ತಿಂಗಳ ಕೊನೆ ಬಂತೆಂದರೆ ನಮ್ಮ ಮನೆಯಲ್ಲಿ ಒಂದು ಕೆಲಸ ಇರುತ್ತಿತ್ತು. ಆ ತಿಂಗಳು ಅಚ್ಚಾದ ನನ್ನ ಸುದ್ದಿಗಳನ್ನೆಲ್ಲ ಕತ್ತರಿಸಿ, ಬಿಳಿ ಹಾಳೆಗೆ ಅಂಟಿಸಿ, ಮಗನ ಜಾಮಿಟ್ರಿ ಬಾಕ್ಸಿನ ಸ್ಕೇಲಿನಲ್ಲಿ ಉದ್ದ ಅಳೆದು ಪಕ್ಕದಲ್ಲಿ ಸೆಂಟಿಮೀಟರ್ ಬರೆಯುವುದು. ಅದೇ ನನ್ನ ಬಿಲ್ಲು, ದುಡ್ಡು ಸಿಗುತ್ತಿದ್ದದ್ದು ಸೆಂಟಿಮೀಟರ್ ಲೆಕ್ಕದಲ್ಲಿ. 2002ರಿಂದ ಹನ್ನೆರಡು ವರ್ಷ ತಿಪಟೂರಿನಲ್ಲಿ ಒಂದು ರಾಜ್ಯಮಟ್ಟದ ಪತ್ರಿಕೆಗೆ ಅರೆಕಾಲಿಕ ವರದಿಗಾರನಾಗಿದ್ದೆ. ಯಾವ ಪತ್ರಿಕೆ ಅಂತ ಹೇಳಲ್ಲ. ಮುಂದೆ ಹೆಸರು ಬರುವ ಯಾವ ಪತ್ರಿಕೆಯೂ ಅಲ್ಲ, ಅಷ್ಟು ಗೊತ್ತಿದ್ದರೆ ಸಾಕು.

ನಾನು ಸೇರುವ ಹೊತ್ತಿಗೆ ಕನ್ನಡ ಪತ್ರಿಕೆಗಳ ಓಟ ಜೋರಾಗಿತ್ತು. 1999ರಲ್ಲಿ ವಿಜಯ ಸಂಕೇಶ್ವರರು 'ವಿಜಯ ಕರ್ನಾಟಕ' ಶುರು ಮಾಡಿದ್ದರು. ಅವರದು ಲಾರಿ ಸಾರಿಗೆಯ ಉದ್ಯಮ. ಬೆಲೆ ಇಳಿಸಿದರು, ಒಂದರ ಮೇಲೊಂದು ಆವೃತ್ತಿ ತಂದರು. ಉಳಿದವರೂ ಹಿಂದೆ ಓಡಲೇಬೇಕಾಯಿತು. ಅದರಿಂದ ನಮ್ಮಂಥವರಿಗೆ ಒಳ್ಳೆಯದೇ ಆಯಿತು, ಸುಳ್ಳು ಹೇಳಬಾರದು. ಅದುವರೆಗೆ ತಾಲ್ಲೂಕಿನ ಸುದ್ದಿ ಎಂದರೆ ಮೂಲೆಯಲ್ಲಿ ನಾಲ್ಕು ಸಾಲು. ಈಗ ಜಿಲ್ಲೆಗೆ ಎರಡು ಪುಟ ಸಿಕ್ಕಿತು. ಆಮೇಲೆ 2006ರಲ್ಲಿ ಆ ಪತ್ರಿಕೆಯನ್ನು ಟೈಮ್ಸ್ ಸಮೂಹ ಕೊಂಡುಕೊಂಡಿತು. 2012ರಲ್ಲಿ ಸಂಕೇಶ್ವರರೇ ಮತ್ತೆ 'ವಿಜಯವಾಣಿ' ತಂದರು. ಪತ್ರಿಕೆಯನ್ನೂ ಕಟ್ಟಿ, ಮಾರಿ, ಮತ್ತೆ ಕಟ್ಟಬಹುದು ಅಂತ ನಮ್ಮ ಬಸ್‌ಸ್ಟ್ಯಾಂಡಿನ ಏಜೆಂಟರಿಗೂ ಗೊತ್ತಾಗಿದ್ದು ಆಗಲೇ.

ದೊಡ್ಡ ಮಾಲೀಕರ ವಿಷಯ ಬಂದರೆ ಜನ ಮೊದಲು ಕೇಳೋದು, 'ಇಂಥದ್ದು ಬರೀಬೇಡಿ ಅಂತ ಮೇಲಿಂದ ಫೋನ್ ಬರುತ್ತಿತ್ತಾ?' ಅಂತ. ನನಗೆ ಹನ್ನೆರಡು ವರ್ಷದಲ್ಲಿ ಅಂಥ ಫೋನ್ ಬಂದಿದ್ದು ಎರಡು ಸಲ. ಹಾಳಾಗಿದ್ದು ಫೋನಿನಿಂದ ಅಲ್ಲ.

ಮೊದಲು ಹಾಳಾಗಿದ್ದು ಡೆಸ್ಕು, ಅಂದರೆ ನಮ್ಮ ವರದಿ ತಿದ್ದಿ ಪುಟ ಕಟ್ಟುವ ಜಾಗ. ಶುರುವಿನಲ್ಲಿ ಸುದ್ದಿಯನ್ನು ಕವರಿಗೆ ಹಾಕಿ ತುಮಕೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಅಲ್ಲಿ ಒಬ್ಬರು ಹಿರಿಯರಿದ್ದರು. ಸಂಜೆ ಏಳಕ್ಕೆ ಅವರ ಫೋನು ತಪ್ಪುತ್ತಿರಲಿಲ್ಲ: 'ಏನ್ರೀ, ಯಾವ ಹೊಸಹಳ್ಳಿ ಇದು? ಈ ಕೆರೆಗೆ ಹೇಮಾವತಿ ನೀರು ಬರುತ್ತೆ ಅಂತ ಬರೆದಿದ್ದೀರಲ್ಲ, ನಾಲೆ ಎಲ್ಲಿದೆ ಅಲ್ಲಿ?' ಬೈಗುಳ ಜಾಸ್ತಿ, ಆದರೆ ತಪ್ಪು ಅಚ್ಚಾಗುತ್ತಿರಲಿಲ್ಲ. ಆಮೇಲೆ ಖರ್ಚು ಉಳಿಸೋಕೆ ಏಳೆಂಟು ಜಿಲ್ಲೆಯ ಪುಟಗಳನ್ನು ಒಂದೇ ಕಡೆ ಕೂತು ಮಾಡುವ ವ್ಯವಸ್ಥೆ ಬಂತು. ಅಲ್ಲಿದ್ದ ಹುಡುಗರು ದಡ್ಡರಲ್ಲ, ಆದರೆ ಒಬ್ಬೊಬ್ಬರ ತಲೆ ಮೇಲೆ ರಾತ್ರಿಗೆ ಆರು ಪುಟ. ನಾನು ಹೊನ್ನವಳ್ಳಿ ಅಂತ ಬರೆದಿದ್ದು ಹೊನ್ನಾಳಿ ಅಂತ ಬಂತು. ಹೊನ್ನವಳ್ಳಿ ನಮ್ಮ ಹೋಬಳಿ, ಹೊನ್ನಾಳಿ ಇರೋದು ದಾವಣಗೆರೆ ಜಿಲ್ಲೆಯಲ್ಲಿ. ಮಾರನೇ ದಿನ ಸಂತೆಯಲ್ಲಿ ಒಬ್ಬ ಅಜ್ಜ ಪೇಪರ್ ಮಡಿಸಿ ನನ್ನ ಕೈಗೇ ಕೊಟ್ಟು ಹೋದರು, ಒಂದು ಮಾತೂ ಆಡದೆ.

ಎರಡನೆಯದು ಜಾಹೀರಾತು. ದಸರಾ, ದೀಪಾವಳಿ, ಯುಗಾದಿ, ಪತ್ರಿಕೆಯ ವಾರ್ಷಿಕೋತ್ಸವ, ಎಲ್ಲಕ್ಕೂ ಪುರವಣಿ. ಪ್ರತಿ ಪುರವಣಿಗೂ ನಮಗೆ ಟಾರ್ಗೆಟ್. ಕಮಿಷನ್ ನೂರಕ್ಕೆ ಹದಿನೈದು. ಈಗ ಸ್ಕೇಲಿನ ಲೆಕ್ಕಕ್ಕೆ ಬನ್ನಿ. ಒಂದು ಗ್ರಾಮ ಪಂಚಾಯಿತಿಯ ಕಾಮಗಾರಿ ಬಗ್ಗೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಉತ್ತರಕ್ಕೆ ಮೂವತ್ತು ದಿನ ಕಾದು, ಸ್ಥಳಕ್ಕೆ ಮೂರು ಸಲ ಬೈಕಿನಲ್ಲಿ ಹೋಗಿ ಬಂದರೆ ಸಿಗೋದು ಹದಿನಾಲ್ಕು ಸೆಂಟಿಮೀಟರ್ ಸುದ್ದಿ. ಪೆಟ್ರೋಲೂ ಹುಟ್ಟುತ್ತಿರಲಿಲ್ಲ. ಅದೇ ಪಂಚಾಯಿತಿ ಅಧ್ಯಕ್ಷರಿಂದ ಶಾಸಕರ ಹುಟ್ಟುಹಬ್ಬಕ್ಕೆ ಕಾಲು ಪುಟ ಶುಭಾಶಯ ಹಾಕಿಸಿದರೆ ಎರಡು ತಿಂಗಳ ಬಿಲ್ಲು ಒಂದೇ ದಿನ ಕೈಗೆ. ಯಾರೂ ನನಗೆ ಬರೀಬೇಡ ಅನ್ನಲಿಲ್ಲ. ನಾನೇ ಬರೆಯೋದು ಬಿಟ್ಟೆ. ಬೆಳಿಗ್ಗೆ ಹೋಗಿ ಪ್ರಶ್ನೆ ಕೇಳಿದವರ ಹತ್ತಿರ ಸಂಜೆ ಹೋಗಿ ಜಾಹೀರಾತು ಕೇಳೋದು ಹೇಗೆ, ನೀವೇ ಹೇಳಿ. ಪತ್ರಕರ್ತರ ಸಂಬಳಕ್ಕಾಗಿ ಮಜೀಠಿಯಾ ವೇತನ ಮಂಡಳಿಯ ಶಿಫಾರಸನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿದಾಗ ಜಿಲ್ಲಾ ಕಚೇರಿಯಲ್ಲಿ ಸಿಹಿ ಹಂಚಿದರು. ಸೆಂಟಿಮೀಟರ್ ಲೆಕ್ಕದ ನಮ್ಮ ಬಿಲ್ಲು ಒಂದು ರೂಪಾಯಿ ಏರಲಿಲ್ಲ. ಆ ವರ್ಷವೇ ಬಿಟ್ಟೆ.

ಸ್ವಂತ ವಾರಪತ್ರಿಕೆ ಮಾಡಿದೆ. ನಾಲ್ಕು ಪುಟದ ಟ್ಯಾಬ್ಲಾಯ್ಡ್. ದೆಹಲಿಯಿಂದ ಹೆಸರು ಮಂಜೂರಾಗಬೇಕಿತ್ತು, ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆಗೆ ಸಹಿ ಹಾಕಬೇಕಿತ್ತು. ಪತ್ರಿಕೆ ನೋಂದಣಿಗೆ ಆಗಿನ್ನೂ 1867ರ ಕಾಯ್ದೆಯೇ ಇತ್ತು. ನಾನು ಕೊಟ್ಟ ಮೊದಲ ಮೂರು ಹೆಸರೂ ಬೇರೆ ಯಾರದೋ ಪಾಲಾಗಿದ್ದವು. ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸಿದ್ದು ಮಾತ್ರ ನಾನು ಮಾಡಿದ ಅತ್ಯಂತ ಬುದ್ಧಿವಂತ ಕೆಲಸ. ನೋಂದಾಯಿತ ಪತ್ರಿಕೆ ಐವತ್ತು ಗ್ರಾಂ ಒಳಗಿದ್ದರೆ ಒಂದು ಪ್ರತಿ ಕಳಿಸೋಕೆ ಆಗ 25 ಪೈಸೆ ಸಾಕಿತ್ತು.

ಜನ ಕೊಂಡಿದ್ದು ನನ್ನ ತನಿಖಾ ವರದಿಗಾಗಿ ಅಂದುಕೊಂಡಿದ್ದೆ. ಅಲ್ಲ. ಎಪಿಎಂಸಿಯ ಕೊಬ್ಬರಿ ರೇಟಿಗಾಗಿ. ಕನಿಷ್ಠ, ಗರಿಷ್ಠ, ಎಷ್ಟು ಆವಕ, ಹೋದ ವರ್ಷ ಇದೇ ವಾರ ಎಷ್ಟಿತ್ತು, ಇಷ್ಟೂ ಒಂದೇ ಚೌಕದಲ್ಲಿ. ಅದರ ಕೆಳಗೆ ಹೇಮಾವತಿ ನಾಲೆಯಿಂದ ಯಾವ ಕೆರೆಗೆ ಎಷ್ಟು ದಿನ ನೀರು ಬಿಟ್ಟರು ಅಂತ ಒಂದು ಪಟ್ಟಿ. ಪಕ್ಕದ ಕೆರೆ ತುಂಬಿ ನಮ್ಮೂರ ಕೆರೆ ಯಾಕೆ ತುಂಬಿಲ್ಲ ಎಂಬ ಜಗಳಕ್ಕೆ ಆ ಪಟ್ಟಿ ಸಾಕ್ಷಿಯಾಯಿತು. ಹಾಗೆ ಕೊಂಡವರು ಉಳಿದಿದ್ದನ್ನೂ ಓದಿದರು. ನರೇಗಾ ಹಾಜರಿ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. ಒಂದು ಪಂಚಾಯಿತಿಯದ್ದನ್ನು ಸುಮ್ನೆ ಕೂತು ನೋಡಿದಾಗ, ತೀರಿಕೊಂಡು ವರ್ಷವಾದವರೊಬ್ಬರು ಕೆರೆ ಹೂಳು ಎತ್ತುತ್ತಿದ್ದರು. ಅವರ ತಿಥಿಗೆ ನಾನೇ ಹೋಗಿ ಊಟ ಮಾಡಿ ಬಂದಿದ್ದೆ. ಆ ಊರು ಗೊತ್ತಿಲ್ಲದವರಿಗೆ ಆ ಪಟ್ಟಿಯಲ್ಲಿ ಏನೂ ಕಾಣುತ್ತಿರಲಿಲ್ಲ.

ಹಾಗಂತ ಸಣ್ಣ ಮಾಲೀಕ ಅಂದರೆ ಸಾಚಾ ಅಂದುಕೊಳ್ಳಬೇಡಿ. ಎರಡನೇ ವರ್ಷ ಒಂದು ಖಾಸಗಿ ಶಾಲೆಯ ಶುಲ್ಕದ ಗಲಾಟೆ ಆಯಿತು. ಆ ಶಾಲೆ ನನಗೆ ತಿಂಗಳಿಗೊಂದು ಜಾಹೀರಾತು ಕೊಡುತ್ತಿತ್ತು. ಸುದ್ದಿಯನ್ನು ಒಂದು ವಾರ ತಡೆದೆ, 'ಇನ್ನೂ ಪೂರ್ತಿ ಮಾಹಿತಿ ಬಂದಿಲ್ಲ' ಅಂತ ನನಗೆ ನಾನೇ ಹೇಳಿಕೊಂಡೆ. ಬಂದಿತ್ತು. ಯಾರ ಫೋನೂ ಬೇಕಾಗಲಿಲ್ಲ, ಯಾವ ಕಂಪನಿಯೂ ಬೇಕಾಗಲಿಲ್ಲ. ಆಮೇಲೆ ಒಂದು ಏರ್ಪಾಡು ಮಾಡಿಕೊಂಡೆ: ಅಚ್ಚಿನ ಖರ್ಚು ಪೂರ್ತಿ ಚಂದಾ ದುಡ್ಡಿನಲ್ಲೇ ಆಗಬೇಕು. ವರ್ಷಕ್ಕೆ ಮುನ್ನೂರು ರೂಪಾಯಿಯಂತೆ ಏಳುನೂರು ಚಂದಾದಾರರು, ಅಲ್ಲಿಗೆ ಪ್ರೆಸ್ಸಿನ ಬಾಕಿ ತೀರುತ್ತದೆ. ಜಾಹೀರಾತು ನಿಂತರೂ ಪತ್ರಿಕೆ ನಿಲ್ಲಲ್ಲ. ಮನೆ ನಡೆಯೋದು ತೆಂಗಿನ ತೋಟದಿಂದ, ಅದನ್ನೂ ಹೇಳಿಬಿಡಬೇಕು. ತೋಟ ಇಲ್ಲದವರಿಗೆ ನನ್ನ ದಾರಿ ಹಿಡಿಯಿರಿ ಅಂತ ಹೇಳೋಕೆ ನನಗೆ ಧೈರ್ಯ ಇಲ್ಲ.

2024ರ ಆರಂಭದಲ್ಲಿ, ಬೆಂಬಲ ಬೆಲೆಗೆ ಬೆಳೆ ಕೊಳ್ಳುವ ಸಹಕಾರ ಸಂಸ್ಥೆ ನಾಫೆಡ್‌ನ ಉಂಡೆ ಕೊಬ್ಬರಿ ಖರೀದಿಗೆ ನೋಂದಣಿ ಶುರುವಾಯಿತು. ಬೆಂಬಲ ಬೆಲೆ ಕ್ವಿಂಟಲಿಗೆ 12,000, ಮಾರುಕಟ್ಟೆಯಲ್ಲಿ ಅದಕ್ಕಿಂತ ತೀರಾ ಕಡಿಮೆ. ರೈತರು ರಾತ್ರಿಯೇ ಬಂದು ಸಾಲಿನಲ್ಲಿ ಮಲಗಿದ್ದರು. ಆಮೇಲೆ ಆ ನೋಂದಣಿಯೇ ರದ್ದಾಗಿ ಮತ್ತೆ ಮಾಡಬೇಕಾಯಿತು. ಆ ಸಾಲಿನಲ್ಲಿ ನನ್ನ ಹಳೆಯ ಕೆಲಸದಲ್ಲಿ ಈಗ ಇರುವ ಹುಡುಗ ಸಿಕ್ಕಿದ. 'ಅಣ್ಣಾ, ಫೋಟೊ ಒಂದು ಸಾಕು ಅಂದರು ಡೆಸ್ಕಿನವರು. ಇದು ನೀವು ಇಟ್ಕೊಳ್ಳಿ' ಅಂತ ನೋಟ್‌ಬುಕ್ಕಿನ ನಾಲ್ಕು ಹಾಳೆ ಹರಿದು ಕೊಟ್ಟ. ಯಾವ ಊರಿನವರು, ಎಷ್ಟು ಹೊತ್ತಿಗೆ ಬಂದರು, ಯಾರಿಗೆ ಟೋಕನ್ ಸಿಗಲಿಲ್ಲ, ಎಲ್ಲ ಬರೆದಿದ್ದ. ಅವನ ಹೆಸರು ಹಾಕದೆ ಪ್ರಕಟಿಸಿದೆ. ಸ್ಕೇಲಿನ ಲೆಕ್ಕ ಇನ್ನೂ ಇದೆಯೇನೋ ಅಂದೆ. ಅದೆಲ್ಲ ಹೋಯ್ತು ಅಣ್ಣಾ, ಪುರವಣಿ ಟಾರ್ಗೆಟ್ ಒಂದೇ ಈಗ ಅಂದ. ಎಷ್ಟು ಅಂತ ಕೇಳಿದೆ. ನನ್ನ ಆರು ತಿಂಗಳ ಅಚ್ಚಿನ ಖರ್ಚಿಗೆ ಸಮ.